ಗೈರುಹಾಜರಿಯ ಹಿಂದಿನ ಮನಸ್ಸು: ಏಕಪಕ್ಷೀಯ ಡಿಕ್ರಿ ಮತ್ತು ಗೋವಾದ ಕನ್ನಡ ಪ್ರತಿವಾದಿ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದೆ. ಕೊನೆಯ ಚರ್ಚೆಯನ್ನು ಸಂಕ್ಷೇಪಿಸಲಾಗಿದೆ.)

ಇವತ್ತು ನಾನು ಎತ್ತಿಕೊಂಡಿರುವ ಪ್ರಶ್ನೆ ಕೇಳೋದಕ್ಕೆ ಸಣ್ಣದು. ಸಿವಿಲ್ ದಾವೆಯಲ್ಲಿ ಪ್ರತಿವಾದಿ ಕೋರ್ಟಿಗೆ ಬರಲಿಲ್ಲ. ವಾದಿಯ ಮಾತಷ್ಟನ್ನೇ ಕೇಳಿ ಕೋರ್ಟು ಡಿಕ್ರಿ ಕೊಟ್ಟಿತು. ಆಮೇಲೆ ಪ್ರತಿವಾದಿ ಬಂದು, 'ನನಗೆ ಇನ್ನೊಂದು ಅವಕಾಶ ಕೊಡಿ' ಅಂತಾನೆ. ಅವನು ಬೇಕಂತಲೇ ಬರಲಿಲ್ಲವೋ, ಬರೋದಕ್ಕೆ ಆಗಲಿಲ್ಲವೋ ಅನ್ನೋದನ್ನು ನ್ಯಾಯಾಧೀಶರು ಹೇಗೆ ತೀರ್ಮಾನಿಸುತ್ತಾರೆ? ಮನಸ್ಸನ್ನು ಬಗೆದು ನೋಡೋಕಂತೂ ಆಗಲ್ಲ. ಹಾಗಾದರೆ ನೋಡೋದು ಏನನ್ನು?

ಗೋವಾವನ್ನು ಆರಿಸಿಕೊಂಡಿದ್ದಕ್ಕೆ ಎರಡು ಕಾರಣ ಇದೆ. ಒಂದು, ಅಲ್ಲಿ ಜಾರಿಯಲ್ಲಿರುವ ನಿಯಮದ ಪಠ್ಯದಲ್ಲೇ 'ಉದ್ದೇಶಪೂರ್ವಕ' ಎಂಬ ಅರ್ಥದ ಪದ ಇದೆ. ನಾವು ಕರ್ನಾಟಕದಲ್ಲಿ ಓದುವ ಪಠ್ಯದಲ್ಲಿ ಅದು ಇಲ್ಲ. ಎರಡು, ವಾಸ್ಕೋದ ಬೈನಾ, ಜುವಾರಿನಗರ, ಮಡಗಾಂವ್‌ನ ಮೋತಿ ಡೊಂಗರ್, ಮಾಪ್ಸಾ, ವೆರ್ಣಾದ ಕೈಗಾರಿಕಾ ವಲಯ ಇಲ್ಲೆಲ್ಲ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯ ಕುಟುಂಬಗಳು ಬಾಡಿಗೆ ಖೋಲಿಗಳಲ್ಲಿ ಬದುಕು ಕಟ್ಟಿಕೊಂಡಿವೆ. ಅಂಥ ಒಂದು ಮನೆಯ ಮೇಲೆ ಏಕಪಕ್ಷೀಯ ಡಿಕ್ರಿ ಆಯಿತು ಅಂದರೆ, ಒಂದು ದಿನ ಬೈಲಿಫ್ ಬಂದು ಪಾತ್ರೆ-ಪಡಗ ಹೊರಗೆ ಇಡಿಸುವ ತನಕ ಅವರಿಗೆ ಗೊತ್ತೇ ಆಗದೆ ಇರಬಹುದು. ಈ ಪ್ರಬಂಧದಲ್ಲಿ ಪಣಕ್ಕೆ ಬಿದ್ದಿರೋದು ಇದೇ.

1. ಗೈರು ಎಂದರೆ ಒಪ್ಪಿಗೆಯೇ?

ಗೋವಾ 1961ರ ಡಿಸೆಂಬರ್‌ನಲ್ಲಿ ವಿಮೋಚನೆಗೊಂಡರೂ ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಅಲ್ಲಿಗೆ ಬಂದದ್ದು 1966ರ ಜೂನ್‌ನಲ್ಲಿ. ಅಲ್ಲಿಯ ತನಕ ನಡೆದದ್ದು ಪೋರ್ಚುಗೀಸ್ ಪ್ರಕ್ರಿಯಾ ಸಂಹಿತೆ. ಆ ಪದ್ಧತಿಯಲ್ಲಿ ಪ್ರತಿವಾದಿಯ ಗೈರಿಗೆ 'ರೆವೆಲಿಯಾ' ಅನ್ನುತ್ತಾರೆ. ಖುದ್ದಾಗಿ ನೋಟಿಸ್ ಪಡೆದವನು ಉತ್ತರ ಕೊಡದಿದ್ದರೆ ವಾದಿ ಹೇಳಿದ ಸಂಗತಿಗಳನ್ನು ಅವನು ಒಪ್ಪಿಕೊಂಡ ಹಾಗೆ ಎಂದು ನೋಡುವುದು ಅದರ ಮೂಲ ಧೋರಣೆ. ಅಂದರೆ ಮೌನವೇ ಒಂದು ಮಾತು.

ನಮ್ಮ ಸಂಹಿತೆಯ ದಾರಿ ಬೇರೆ. ಆದೇಶ 9, ನಿಯಮ 6ರ ಕೆಳಗೆ ಕೋರ್ಟು ಪ್ರತಿವಾದಿಯನ್ನು 'ಎಕ್ಸ್‌ಪಾರ್ಟಿ' ಇಟ್ಟು ಮುಂದೆ ಹೋಗಬಹುದು. ಆದರೆ ವಾದಿ ತನ್ನ ಸಾಕ್ಷ್ಯ ಕೊಟ್ಟೇ ಗೆಲ್ಲಬೇಕು. ಲಿಖಿತ ಹೇಳಿಕೆ ಸಲ್ಲಿಸದೆ ಇದ್ದಾಗಲೂ ಕಣ್ಣುಮುಚ್ಚಿ ಡಿಕ್ರಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 1999ರ ಬಲರಾಜ್ ತನೇಜಾ ಪ್ರಕರಣದಲ್ಲಿ ಎಚ್ಚರಿಸಿದೆ. ಇಲ್ಲಿ ಗೈರು ಅಂದರೆ ಬರೀ ಗೈರು, ಅದು ತಪ್ಪೊಪ್ಪಿಗೆ ಅಲ್ಲ. ಅದಕ್ಕೇ ಆಮೇಲೆ 'ಯಾಕೆ ಬರಲಿಲ್ಲ' ಎಂದು ಕೇಳುವುದಕ್ಕೆ ನಿಯಮ 13ರಲ್ಲಿ ಜಾಗ ಉಳಿದಿದೆ.

ಆ ನಿಯಮ ಎರಡು ಬಾಗಿಲು ತೆರೆಯುತ್ತದೆ. ಸಮನ್ಸ್ ಸರಿಯಾಗಿ ಜಾರಿಯಾಗಿರಲಿಲ್ಲ ಎಂದು ತೋರಿಸಿ; ಇಲ್ಲವೇ, ಕೂಗಿದ ದಿನ ಹಾಜರಾಗದಂತೆ ತಡೆದ 'ಸಾಕಷ್ಟು ಕಾರಣ' ಇತ್ತು ಎಂದು ತೋರಿಸಿ. ಎರಡರಲ್ಲಿ ಒಂದು ಮನವರಿಕೆಯಾದರೆ ಡಿಕ್ರಿ ರದ್ದು. ಗಮನಿಸಿ, 'ಬೇಕಂತಲೇ ಬಂದಿಲ್ಲವೇ' ಅಂತ ಮೂಲ ನಿಯಮ ಎಲ್ಲೂ ನೇರವಾಗಿ ಕೇಳುವುದಿಲ್ಲ.

2. ಬಾಂಬೆ ಹೈಕೋರ್ಟ್ ಸೇರಿಸಿದ ಮಾತು

1976ರ ತಿದ್ದುಪಡಿ ಈ ನಿಯಮಕ್ಕೆ ಒಂದು ಪರಂತುಕ ಸೇರಿಸಿತು. ಸಮನ್ಸ್ ಜಾರಿಯಲ್ಲಿ ಏನೋ ಸಣ್ಣಪುಟ್ಟ ಲೋಪ ಆಗಿದೆ ಎಂಬ ಒಂದೇ ಕಾರಣಕ್ಕೆ ಡಿಕ್ರಿ ರದ್ದು ಮಾಡಬಾರದು. ಪ್ರತಿವಾದಿಗೆ ವಿಚಾರಣೆಯ ತಾರೀಖು ತಿಳಿದಿತ್ತು, ಬಂದು ಉತ್ತರ ಕೊಡೋಕೆ ಸಾಕಷ್ಟು ಸಮಯವೂ ಇತ್ತು ಎಂದಾದರೆ ಸಾಕು, ಡಿಕ್ರಿ ಉಳಿಯುತ್ತದೆ.

ಹೈಕೋರ್ಟುಗಳಿಗೆ ಸಂಹಿತೆಯ ಕಲಂ 122ರ ಕೆಳಗೆ ನಿಯಮಗಳನ್ನು ತಿದ್ದುವ ಅಧಿಕಾರ ಇದೆ. ಬಾಂಬೆ ಹೈಕೋರ್ಟ್ ಅದನ್ನು ಬಳಸಿ ಈ ಪರಂತುಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಗೋವಾ ಆ ಹೈಕೋರ್ಟಿನ ವ್ಯಾಪ್ತಿಗೆ ಸೇರಿದ್ದರಿಂದ ಅಲ್ಲೂ ಅದೇ ಪಠ್ಯ. ಅದರ ಸಾರ ಇಷ್ಟು: ಪ್ರತಿವಾದಿಗೆ ತಾರೀಖು ಗೊತ್ತಿತ್ತು, 'ಅಥವಾ ಅವನ ಉದ್ದೇಶಪೂರ್ವಕ ನಡತೆ ಇಲ್ಲದೆ ಹೋಗಿದ್ದರೆ ಗೊತ್ತಾಗುತ್ತಿತ್ತು' ಎಂದು ಮನವರಿಕೆಯಾದರೂ ಡಿಕ್ರಿ ಉಳಿಯುತ್ತದೆ.

ಈಗ ಇದನ್ನು ನಿಧಾನಕ್ಕೆ ಓದೋಣ. 'ಉದ್ದೇಶಪೂರ್ವಕ' ಎಂಬ ವಿಶೇಷಣ ಇಲ್ಲಿ ಅಂಟಿಕೊಂಡಿರೋದು ಗೈರಿಗೆ ಅಲ್ಲ, ತಿಳಿಯದೇ ಇರುವುದಕ್ಕೆ. ಅಮೀನ ಬಂದಾಗ ಹಿಂಬಾಗಿಲಿಂದ ಹೋದವನು, ರಿಜಿಸ್ಟರ್ಡ್ ಲಕೋಟೆ ನೋಡಿ 'ಬೇಡ' ಅಂತ ವಾಪಸ್ ಕಳಿಸಿದವನು, ಇಂಥವರು 'ನನಗೆ ತಾರೀಖು ಗೊತ್ತಿರಲಿಲ್ಲ' ಎಂದರೆ ಅದು ನಿಜವೇ ಇರಬಹುದು. ಆದರೆ ಆ ಅಜ್ಞಾನವನ್ನು ಅವರೇ ಕಟ್ಟಿಕೊಂಡದ್ದು. ಕಣ್ಣು ಕಾಣದವನಿಗೂ ಕಣ್ಣು ಮುಚ್ಚಿಕೊಂಡವನಿಗೂ ಇರುವ ಅಂತರವನ್ನು ಈ ನಿಯಮ ಹಿಡಿಯುತ್ತದೆ. ನನ್ನ ವಾದಕ್ಕೆ ಬುನಾದಿ ಈ ಅಂತರವೇ.

3. ಕೋರ್ಟು ನಿಜವಾಗಿ ಕೇಳುವ ಮೂರು ಪ್ರಶ್ನೆ

ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಿದರೆ, ನ್ಯಾಯಾಧೀಶರು ಮನಸ್ಸನ್ನು ಅಳೆಯುವುದು ಮೂರು ಹೊರಗಿನ ಗುರುತುಗಳಿಂದ ಅಂತ ನನಗೆ ಕಾಣುತ್ತದೆ.

ಮೊದಲನೆಯದು: ಕಾಗದ ತಲುಪಿತೇ? ಆದೇಶ 5 ಇಲ್ಲಿ ಮೆಟ್ಟಿಲುಗಳನ್ನು ಹಾಕಿಕೊಟ್ಟಿದೆ. ಖುದ್ದಾಗಿ ಕೊಡುವುದು, ಅವನು ಮನೆಯಲ್ಲಿಲ್ಲ, ಸದ್ಯಕ್ಕೆ ಬರುವ ಹಾಗೂ ಇಲ್ಲ ಎಂದಾದರೆ ಕುಟುಂಬದ ವಯಸ್ಕ ಸದಸ್ಯರಿಗೆ ಕೊಡುವುದು, ನಿರಾಕರಿಸಿದರೆ ಅಥವಾ ಸಿಗದಿದ್ದರೆ ಬಾಗಿಲಿಗೆ ಅಂಟಿಸುವುದು, ಇವೆಲ್ಲ ಆಗದೆ ಇದ್ದಾಗ ಮಾತ್ರ ಪತ್ರಿಕಾ ಪ್ರಕಟಣೆಯಂಥ ಪರ್ಯಾಯ ಜಾರಿ. ಮನೆಯ ಆಳು ಇಲ್ಲಿ ಕುಟುಂಬದ ಸದಸ್ಯ ಅಲ್ಲ ಎಂದು ನಿಯಮವೇ ಹೇಳುತ್ತದೆ. ಪಕ್ಕದ ಮನೆಯವರ ಮಾತಂತೂ ಬರುವುದೇ ಇಲ್ಲ.

ಈ ಮೆಟ್ಟಿಲನ್ನು ಹಾರಿ ಹೋಗಬಾರದು ಅನ್ನೋದಕ್ಕೆ ನಮ್ಮ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣ ಇದೆ: 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಯಲ್ಲವ್ವ ವಿರುದ್ಧ ಶಾಂತವ್ವ. ಗಂಡ ಏಕಪಕ್ಷೀಯವಾಗಿ ವಿಚ್ಛೇದನದ ಡಿಕ್ರಿ ಪಡೆದು ತೀರಿಹೋಗಿದ್ದ. ಆಮೇಲೆ ಹೆಂಡತಿ ಅದನ್ನು ರದ್ದು ಮಾಡಿ ಎಂದು ಬಂದಳು. ಗಂಡ ಸತ್ತ ಮೇಲೂ ಅವನ ವಾರಸುದಾರರ ವಿರುದ್ಧ ಆ ಅರ್ಜಿ ನಡೆಯುತ್ತದೆ ಎಂದು ನ್ಯಾಯಾಲಯ ಹೇಳಿತು. ಯಾಕೆಂದರೆ ಆ ಡಿಕ್ರಿಯಿಂದ ಅವಳು ಕಳೆದುಕೊಂಡದ್ದು ಹೆಂಡತಿಯ, ಈಗ ವಿಧವೆಯ, ಸ್ಥಾನವನ್ನು. ಅದರ ಜೊತೆಗೆ ಬರುವ ಆಸ್ತಿಯ ಹಕ್ಕನ್ನು. ಅದೇ ತೀರ್ಪಿನಲ್ಲಿ ಪರ್ಯಾಯ ಜಾರಿ ಕೊನೆಯ ದಾರಿಯಾಗಿರಬೇಕು, ಮೊದಲ ಅನುಕೂಲ ಆಗಬಾರದು ಎಂಬ ಮಾತೂ ಇದೆ.

ಇದಕ್ಕೆ ಜೋಡಿಸಿ ಓದಬೇಕಾದ್ದು 2002ರ ಸುಶೀಲ್ ಕುಮಾರ್ ಸಭರ್‌ವಾಲ್ ತೀರ್ಪು. 'ಕೇಸ್ ಇದೆ ಅಂತ ಅವನಿಗೆ ಗೊತ್ತಿತ್ತಲ್ಲ' ಅನ್ನುವ ವಾದ ಸಾಲದು. ಪರಂತುಕ ಕೇಳೋದು ವಿಚಾರಣೆಯ ತಾರೀಖು ಗೊತ್ತಿತ್ತೇ ಅಂತ. ಊರೆಲ್ಲ ಮಾತಾಡಿಕೊಳ್ಳುತ್ತಿದ್ದ ದಾವೆ ಆಗಿದ್ದರೂ ಯಾವತ್ತು, ಎಷ್ಟು ಗಂಟೆಗೆ, ಯಾವ ಕೋರ್ಟಿಗೆ ಎಂದು ತಿಳಿಯದವನನ್ನು ತಿಳಿದವನು ಎನ್ನುವಂತಿಲ್ಲ.

ಎರಡನೆಯದು: ಆ ದಿನ ಏನಾಗಿತ್ತು? 2000ದ ಜಿ.ಪಿ. ಶ್ರೀವಾಸ್ತವ ತೀರ್ಪಿನ ಪ್ರಕಾರ 'ಸಾಕಷ್ಟು ಕಾರಣ'ವನ್ನು ನೋಡಬೇಕಾದ್ದು ಎಕ್ಸ್‌ಪಾರ್ಟಿ ಇಟ್ಟ ಆ ದಿನಕ್ಕೆ ಸಂಬಂಧಿಸಿ. ಅದಕ್ಕೂ ಮುಂಚೆ ನಾಲ್ಕು ಸಲ ಮುಂದೂಡಿಕೆ ಕೇಳಿದ್ದ, ಹಾಗಾಗಿ ಇವನು ಕಾಲಹರಣ ಮಾಡುವವನೇ ಎಂದು ಹಳೇ ಲೆಕ್ಕವೆಲ್ಲ ತಂದು ಆ ದಿನದ ಮೇಲೆ ಹೇರುವ ಹಾಗಿಲ್ಲ. ಇದು ಪ್ರತಿವಾದಿಗೆ ಅನುಕೂಲವಾದ ತತ್ವ, ನಿಜ. ಆದರೆ ಇದರ ಇನ್ನೊಂದು ಮುಖ ಇದೆ: ಅರ್ಜಿದಾರ ಆ ದಿನದ ಬಗ್ಗೆ ನಿರ್ದಿಷ್ಟವಾಗಿ ಹೇಳಲೇಬೇಕು. 'ಹುಷಾರಿರಲಿಲ್ಲ, ಊರಿಗೆ ಹೋಗಿದ್ದೆ' ಎಂದರೆ ಆಗಲಿಲ್ಲ. ಯಾವ ಕಾಯಿಲೆ, ಯಾವ ಆಸ್ಪತ್ರೆ, ಯಾವ ಊರು, ಹೋದದ್ದು ಎಂದು, ಬಂದದ್ದು ಎಂದು? 2011ರ ಪರಿಮಳ್ ವಿರುದ್ಧ ವೀಣಾ ತೀರ್ಪು ಇಲ್ಲಿ ಅಳತೆಗೋಲು. ನಿರ್ಲಕ್ಷ್ಯ ಇರಲಿಲ್ಲ, ಪ್ರಾಮಾಣಿಕವಾಗಿ ಹಾಜರಾಗಬೇಕೆಂದಿದ್ದ, ತನ್ನಿಂದಾದ ಪ್ರಯತ್ನ ಮಾಡಿದ್ದ ಎಂದು ತೋರಬೇಕು.

ಮೂರನೆಯದು: ತಿಳಿದ ಮೇಲೆ ಏನು ಮಾಡಿದ? ನನ್ನ ಓದಿನಲ್ಲಿ ಮಿಕ್ಕ ಎರಡಕ್ಕಿಂತ ಹೆಚ್ಚು ತೂಗುವುದು ಇದೇ. ಲಿಮಿಟೇಷನ್ ಕಾಯ್ದೆಯ 123ನೇ ಅನುಚ್ಛೇದ 30 ದಿನ ಕೊಡುತ್ತದೆ. ಡಿಕ್ರಿಯ ದಿನದಿಂದ, ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ. ಪತ್ರಿಕೆಯಲ್ಲಿ ಹಾಕಿಸಿದಂಥ ಪರ್ಯಾಯ ಜಾರಿಯನ್ನು ಈ 30 ದಿನದ ಲೆಕ್ಕಕ್ಕೆ ಸರಿಯಾದ ಜಾರಿ ಎಂದು ಹಿಡಿಯಬಾರದು ಎಂಬ ವಿವರಣೆಯೂ ಅಲ್ಲೇ ಇದೆ. ಇದನ್ನು ಬಹಳ ಜನ ಮರೆಯುತ್ತಾರೆ. ವಿಷಯ ತಿಳಿದ ಮೂರನೇ ದಿನ ವಕೀಲರ ಮನೆ ಬಾಗಿಲು ತಟ್ಟಿದವನ ಮಾತಿಗೂ, ತಿಳಿದು ವರ್ಷ ಸುಮ್ಮನಿದ್ದು ಜಪ್ತಿ ಬಂದಾಗ ಎದ್ದವನ ಮಾತಿಗೂ ಒಂದೇ ಬೆಲೆ ಸಿಗುವುದಿಲ್ಲ. ಗೈರಾದ ದಿನದ ಮನಸ್ಸನ್ನು ಕೋರ್ಟು ಓದುವುದು ಆಮೇಲಿನ ನಡತೆಯ ಕನ್ನಡಿಯಲ್ಲಿ.

4. ಪ್ರತಿವಾದಿ ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ

1981ರ ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ ವಕೀಲರು ಹಾಜರಾಗಲಿಲ್ಲ, ಕಕ್ಷಿದಾರನ ಮೇಲ್ಮನವಿ ವಜಾ ಆಯಿತು. ಹಳ್ಳಿಯವನೊಬ್ಬ ವಕೀಲರನ್ನು ನೇಮಿಸಿ, ಫೀ ಕೊಟ್ಟು, ನಂಬಿ ಊರಿಗೆ ಹೋದ ಮೇಲೆ ಅವರನ್ನು ಕಾಯುತ್ತ ಹೈಕೋರ್ಟಿನಲ್ಲಿ ಕೂರಬೇಕಿಲ್ಲ ಎಂಬ ನಿಲುವು ತಾಳಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಮತ್ತೆ ಜೀವಂತಗೊಳಿಸಿತು. 1993ರ ಸಲಿಲ್ ದತ್ತ ಪ್ರಕರಣದಲ್ಲಿ ಅದೇ ವಾದವನ್ನು ಕಲ್ಕತ್ತದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಎತ್ತಿತು: ವಕೀಲರ ಸಲಹೆಯಂತೆ ನಾವು ಹೋಗಲಿಲ್ಲ ಅಂತ. ನ್ಯಾಯಾಲಯ ಒಪ್ಪಲಿಲ್ಲ. ಕಚೇರಿ, ಸಿಬ್ಬಂದಿ ಎಲ್ಲ ಇರುವ ಕಂಪನಿ ಏನೂ ಅರಿಯದ ಹಳ್ಳಿಗನಲ್ಲ.

ಎರಡೂ ತೀರ್ಪು ಒಂದಕ್ಕೊಂದು ವಿರುದ್ಧ ಅಂತ ಪರೀಕ್ಷೆಯಲ್ಲಿ ನಾವು ಬರೆಯುತ್ತೇವೆ. ನನಗೆ ಹಾಗನ್ನಿಸಲ್ಲ. ಕೇಳಿದ ಪ್ರಶ್ನೆ ಒಂದೇ: ಇವರ ಸ್ಥಿತಿಯಲ್ಲಿರುವವರಿಂದ ಎಷ್ಟು ಎಚ್ಚರ ನಿರೀಕ್ಷಿಸಬಹುದು? ಉತ್ತರ ಬೇರೆಯಾದದ್ದು ಕಕ್ಷಿದಾರರು ಬೇರೆಯಾದ್ದರಿಂದ.

ಈ ಅಳತೆಯ ಇನ್ನೊಂದು ತುದಿಗೂ ಗೋವಾ-ಕರ್ನಾಟಕದ ನಂಟಿರುವ ಉದಾಹರಣೆ ಇದೆ. ಸಾಲ ವಸೂಲಿಗಾಗಿ ಬ್ಯಾಂಕುಗಳು ಕ್ಯಾಂಡೊಲಿಮ್‌ನ ಕಿಂಗ್‌ಫಿಷರ್ ವಿಲ್ಲಾವನ್ನು 2017ರಲ್ಲಿ ಮಾರಿದ್ದು ನಿಮಗೆ ನೆನಪಿರಬಹುದು. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯ್ ಮಲ್ಯ ಅವರನ್ನು ನ್ಯಾಯಾಂಗ ನಿಂದನೆಯಲ್ಲಿ ತಪ್ಪಿತಸ್ಥ ಎಂದಿತು. ಆಸ್ತಿಯ ಪೂರ್ತಿ ವಿವರ ಕೊಡದಿದ್ದದ್ದು ಒಂದು, ಕರ್ನಾಟಕ ಹೈಕೋರ್ಟಿನ ಆದೇಶ ಮೀರಿ 4 ಕೋಟಿ ಡಾಲರನ್ನು ಮಕ್ಕಳಿಗೆ ವರ್ಗಾಯಿಸಿದ್ದು ಇನ್ನೊಂದು. ಶಿಕ್ಷೆಯ ವಿಚಾರಣೆಗೆ ಹಾಜರಾಗಲು ವರ್ಷಗಟ್ಟಲೆ ಅವಕಾಶ ಕೊಟ್ಟು, ಕೊನೆಗೆ 2022ರ ಜುಲೈ 11ರಂದು ಅವರ ಗೈರಿನಲ್ಲೇ ನಾಲ್ಕು ತಿಂಗಳ ಸೆರೆ, 2,000 ರೂಪಾಯಿ ದಂಡ ವಿಧಿಸಿತು. ಅದು ಸಿವಿಲ್ ದಾವೆಯ ಗೈರಲ್ಲ, ನಿಂದನೆಯ ಪ್ರಕರಣ. ನಿಂದನೆ ಕಾಯ್ದೆಯಲ್ಲಿ ಉದ್ದೇಶಪೂರ್ವಕ ಅವಿಧೇಯತೆಯನ್ನು ಬೇರೆಯಾಗಿ ಸಾಬೀತು ಮಾಡಬೇಕು. ಆದರೂ ಹೋಲಿಸಿ ನೋಡಿ: ಆದೇಶ ಗೊತ್ತು, ತಾರೀಖು ಗೊತ್ತು, ವಕೀಲರಿದ್ದಾರೆ, ಆದರೂ ಬರಲಿಲ್ಲ. ಇಂಥ ಕಡೆ ಮನಸ್ಸನ್ನು ಊಹಿಸುವ ಕಷ್ಟವೇ ಇಲ್ಲ.

5. ಓದಲು ಬಾರದ ಕಾಗದ

ಕಷ್ಟ ಇರೋದು ಜುವಾರಿನಗರದ ಖೋಲಿಯಲ್ಲಿ. ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಬಾಗಲಕೋಟೆ ಕಡೆಯ ಗಾರೆ ಕೆಲಸದವನೊಬ್ಬ, ಹೆಂಡತಿ, ಮಕ್ಕಳು. ಬಾಡಿಗೆ ಕರಾರು ಬಾಯಿಮಾತಿನದು. ಆಧಾರ್‌ನಲ್ಲಿ ಊರಿನ ವಿಳಾಸ. ಮಳೆ ಹಿಡಿದರೆ ಕಟ್ಟಡದ ಕೆಲಸ ನಿಲ್ಲುತ್ತದೆ, ಮುಂಗಾರಿನ ಬಿತ್ತನೆಗೆ ಸಂಸಾರ ಸಮೇತ ಊರಿಗೆ ಹೋಗುತ್ತಾರೆ.

ಜೂನ್‌ನಲ್ಲಿ ಬೈಲಿಫ್ ಬಂದರೆ ಬಾಗಿಲಿಗೆ ಬೀಗ. ಸಮನ್ಸ್ ಅಂಟಿಸಿ ಹೋಗುತ್ತಾನೆ. ಮಳೆಗಾಳಿಗೆ ಅದು ಎಷ್ಟು ದಿನ ನಿಂತೀತು? ಆಮೇಲೆ ಪತ್ರಿಕಾ ಪ್ರಕಟಣೆ. ನಿಯಮದ ಪ್ರಕಾರ ಅದು ಪ್ರತಿವಾದಿ ಕೊನೆಯದಾಗಿ ವಾಸವಿದ್ದ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಾದರೆ ಸಾಕು. ಅವನು ಓದಬಲ್ಲ ಭಾಷೆಯ ಪತ್ರಿಕೆ ಆಗಿರಬೇಕು ಎಂದಿಲ್ಲ. ಇಂಥ ಸಂದರ್ಭದಲ್ಲಿ ವಾದಿ ಬಾಂಬೆ ಪರಂತುಕವನ್ನು ಹಿಡಿದು ಬಂದರೆ ಉತ್ತರ ಸುಲಭ: ಊರಿಗೆ ಹೋದದ್ದು ಬದುಕಿನ ಕ್ರಮ, ತಪ್ಪಿಸಿಕೊಳ್ಳುವ ಉದ್ದೇಶಪೂರ್ವಕ ನಡತೆ ಅಲ್ಲ.

ಆದರೆ ಅದೇ ಬೈಲಿಫ್ ಅಕ್ಟೋಬರ್‌ನಲ್ಲಿ ಬಂದ, ಮನುಷ್ಯ ಸಿಕ್ಕ, ಇಂಗ್ಲಿಷಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಅಂತಿಟ್ಟುಕೊಳ್ಳಿ. ಈಗ ಜಾರಿಯಲ್ಲಿ ಲೋಪವೇ ಇಲ್ಲ. ಲೋಪ ಇಲ್ಲದ ಮೇಲೆ ಪರಂತುಕದ ಉದಾರವಾದ 'ಉದ್ದೇಶಪೂರ್ವಕ' ಪದವೂ ಇವನ ನೆರವಿಗೆ ಬರುವುದಿಲ್ಲ. ಇವನು 'ಸಾಕಷ್ಟು ಕಾರಣ' ತೋರಿಸಬೇಕು. ಅಲ್ಲಿ ಬರೀ ನಿರ್ಲಕ್ಷ್ಯವೂ ಅವನನ್ನು ಸೋಲಿಸುತ್ತದೆ. ವಿಚಿತ್ರ ನೋಡಿ. ಕಾಗದ ಕೈಗೆ ಬಾರದವನಿಗಿಂತ, ಬಂದರೂ ಅರ್ಥವಾಗದವನ ಸ್ಥಿತಿ ಕೆಟ್ಟದ್ದು.

ಹಾಗಂತ ಭಾಷೆ ಬರಲ್ಲ ಅನ್ನೋದನ್ನೇ ಸಾಕಷ್ಟು ಕಾರಣ ಅನ್ನಬೇಕೇ? ನಾನು ಅಷ್ಟು ದೂರ ಹೋಗುವುದಿಲ್ಲ. ಇನ್ನೊಂದು ಕಡೆ ವಾದಿಯೂ ಇದ್ದಾರೆ. ಬಾಡಿಗೆಯ ಆ ಎರಡು ಖೋಲಿಯೇ ಆದಾಯವಾಗಿರುವ ಮುದುಕಿಯೊಬ್ಬರು ಇರಬಹುದು. ಕೋರ್ಟಿನ ಮುದ್ರೆ ಇರುವ ಕಾಗದ ಬಂದರೆ ಓದು ಬಾರದವನೂ ನಾಲ್ಕು ಜನಕ್ಕೆ ತೋರಿಸಬೇಕು, ಕೇಳಬೇಕು. ಅಷ್ಟು ಎಚ್ಚರ ಯಾರಿಂದಲಾದರೂ ನಿರೀಕ್ಷಿಸಬಹುದು. ನನ್ನ ವಾದ ಇಷ್ಟೇ: ಕೋರ್ಟು ಕೇಳಬೇಕಾದ್ದು 'ಕಾಗದ ಪಡೆದೆಯಾ' ಎಂಬಲ್ಲಿಗೆ ನಿಲ್ಲಬಾರದು. 'ಪಡೆದ ಮೇಲೆ ಯಾರಿಗೆ ತೋರಿಸಿದೆ, ಅವರು ಏನು ಹೇಳಿದರು, ಯಾವಾಗ ನಿನಗೆ ನಿಜ ತಿಳಿಯಿತು, ಅವತ್ತಿನಿಂದ ಏನು ಮಾಡಿದೆ' ಎಂಬಲ್ಲಿಯವರೆಗೆ ಹೋಗಬೇಕು. ರಫೀಕ್ ತೀರ್ಪು ಹಳ್ಳಿಯವನ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ವಕೀಲರ ವಿಷಯದಲ್ಲಿ. ಅದನ್ನೇ ಭಾಷೆಯ ವಿಷಯಕ್ಕೆ ವಿಸ್ತರಿಸಲು ಹೊಸ ಕಾನೂನು ಬೇಕಿಲ್ಲ, 'ಸಾಕಷ್ಟು' ಎಂಬ ಪದದಲ್ಲೇ ಅದಕ್ಕೆ ಜಾಗ ಇದೆ.

ಕೆಲಸಕ್ಕೆ ಬರುವ ಒಂದು ಸಲಹೆಯನ್ನೂ ಸೇರಿಸುತ್ತೇನೆ. ಜಾರಿ ಮಾಡಿದವರು ಸಮಯ, ರೀತಿ, ಸಾಕ್ಷಿಯ ಹೆಸರು ಬರೆಯಬೇಕೆಂದು ಆದೇಶ 5ರಲ್ಲಿದೆ. ಅದರ ಜೊತೆ 'ಯಾವ ಭಾಷೆಯಲ್ಲಿ ವಿವರಿಸಲಾಯಿತು' ಎಂಬ ಒಂದು ಸಾಲು ಸೇರಲಿ. ವಿವರಿಸಿದ್ದರೆ ವಾದಿಗೆ ಆಧಾರ, ವಿವರಿಸದಿದ್ದರೆ ಪ್ರತಿವಾದಿಗೆ ಆಧಾರ. ಎರಡೂ ಕಡೆ ಊಹೆ ಕಡಿಮೆಯಾಗುತ್ತದೆ.

6. ಚರ್ಚೆಯಿಂದ

ಸಹಪಾಠಿಯೊಬ್ಬರು ಕೇಳಿದರು: ಡಿಕ್ರಿ ಆದ ಮೇಲೆ ನಿಯಮ 13ರ ಅರ್ಜಿ ಹಾಕಬೇಕೋ, ಅಪೀಲು ಹೋಗಬೇಕೋ? ಕಲಂ 96(2)ರ ಕೆಳಗೆ ಅಪೀಲೂ ಇದೆ, ಎರಡನ್ನೂ ಹಾಕಬಹುದು. ಆದರೆ ಅಪೀಲು ಹಿಂತೆಗೆದುಕೊಂಡದ್ದಲ್ಲದೆ ಬೇರೆ ಕಾರಣಕ್ಕೆ ಮುಗಿದುಹೋದರೆ ನಿಯಮ 13ರ ಬಾಗಿಲು ಮುಚ್ಚುತ್ತದೆ ಎಂದು ನಿಯಮದ ವಿವರಣೆಯೇ ಹೇಳುತ್ತದೆ. 2004ರ ಭಾನು ಕುಮಾರ್ ಜೈನ್ ತೀರ್ಪಿನಲ್ಲಿ ಇದರ ಚರ್ಚೆ ಇದೆ. ಡಿಕ್ರಿಯೇ ತಪ್ಪು ಎನ್ನುವವರಿಗೆ ಅಪೀಲು, ನಾನು ಬರಲಾಗಲಿಲ್ಲ ಎನ್ನುವವರಿಗೆ ಅರ್ಜಿ. ಬರಲಾಗದ ಕಾರಣಕ್ಕೆ ಸಾಕ್ಷ್ಯ ಕೊಡೋಕೆ ಅವಕಾಶ ಇರೋದು ಅರ್ಜಿಯಲ್ಲಿ.

ನಮ್ಮ ಅಧ್ಯಾಪಕರ ಪ್ರಶ್ನೆ ಇನ್ನೂ ಮೊನಚು: ಇಷ್ಟು ಸಡಿಲ ಮಾಡಿದರೆ ಪ್ರತಿಯೊಬ್ಬರೂ ಭಾಷೆಯ ನೆಪ ಹೇಳಲ್ಲವೇ? ಹೇಳಬಹುದು ಸಾರ್. ಆದರೆ ನಿಯಮ 13ರಲ್ಲೇ ಅದಕ್ಕೆ ಬೇಲಿ ಇದೆ. ಖರ್ಚು ಕೊಡು, ಬಾಕಿಯನ್ನು ಕೋರ್ಟಿಗೆ ಕಟ್ಟು ಎಂಬ ಷರತ್ತಿನ ಮೇಲೆ ಡಿಕ್ರಿ ರದ್ದು ಮಾಡಬಹುದು. ಎದುರು ಪಕ್ಷಕ್ಕೆ ನೋಟಿಸ್ ಕೊಡದೆ ರದ್ದು ಮಾಡುವಂತೆಯೂ ಇಲ್ಲ. ನೆಪ ಹೇಳುವವನು ಬಾಕಿ ಬಾಡಿಗೆ ಕಟ್ಟಲು ಹಿಂಜರಿಯುತ್ತಾನೆ. ನಿಜವಾಗಿ ತಿಳಿಯದೆ ಹೋದವನು ಹೇಗಾದರೂ ಹೊಂದಿಸಿಕೊಂಡು ಬರುತ್ತಾನೆ. ಆದರೆ ಷರತ್ತು ಅವನ ಶಕ್ತಿ ಮೀರಿರಬಾರದು. ಮೀರಿದರೆ ಬಾಗಿಲು ತೆರೆದೂ ಮುಚ್ಚಿದ ಹಾಗೆ.

ಕೊನೆಯದಾಗಿ, ಗೋವಾದಲ್ಲಿ ಕೆಲಸ ಮಾಡುವ ಸ್ನೇಹಿತರೊಬ್ಬರು, 'ಇಂಥವರು ಬಂದರೆ ಮೊದಲು ಏನು ಹೇಳಲಿ' ಎಂದರು. ಮೂರು ಮಾತು ಸಾಕು. ಡಿಕ್ರಿಯ ವಿಷಯ ಯಾವ ತಾರೀಖು, ಯಾರಿಂದ ತಿಳಿಯಿತು ಎಂದು ಇವತ್ತೇ ಬರೆದಿಡಲಿ. 30 ದಿನದ ಒಳಗೆ ಅರ್ಜಿ ಹಾಕಲಿ. ಮೀರಿದ್ದರೆ ವಿಳಂಬ ಮನ್ನಾ ಅರ್ಜಿಯನ್ನೂ ಸೇರಿಸಿ, ಮೀರಿದ ದಿನಗಳಿಗೆ ಕಾರಣ ಕೊಡಲಿ. ವಕೀಲರಿಗೆ ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. 1987ರ ಕಾಯ್ದೆಯ ಕಲಂ 12ರ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕೈಗಾರಿಕಾ ಕಾರ್ಮಿಕರು ಉಚಿತ ನೆರವಿಗೆ ಅರ್ಹರು. ಬಾಡಿಗೆ ಖೋಲಿಯ ದಾವೆಯಲ್ಲಿ ಹೆಂಡತಿಯೂ ಪ್ರತಿವಾದಿಯಾಗಿದ್ದರೆ ಆ ನೆರವು ಅವಳ ಹೆಸರಿನಲ್ಲೇ ಸಿಗುತ್ತದೆ.